ಪಿಕಪ್‌ಗೆ ಕೈ ಹಾಕುವ ಮುಂಚೆ

ನನ್ನದು ಜಾಜ್ ಬೇಸ್ ಮಾದರಿಯ ಒಂದು ಅಗ್ಗದ ಬೇಸ್ ಗಿಟಾರ್. ಅದೂ ಸೆಕೆಂಡ್ ಹ್ಯಾಂಡ್. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವ ತನಕ ರಸಮಂಜರಿ ಕಾರ್ಯಕ್ರಮಗಳಲ್ಲಿ ಇದನ್ನೇ ನುಡಿಸುತ್ತೇನೆ. ಇದರ ಮೇಲೆ ನನಗಿದ್ದ ದೂರು ಎರಡು. ತಂತಿಗಳು ತುಂಬಾ ಎತ್ತರದಲ್ಲಿದ್ದವು, ಬೇಗ ಬೆರಳು ಸೋಲುತ್ತಿತ್ತು. ಆಂಪ್‌ಗೆ (ಆಂಪ್ಲಿಫೈಯರ್) ಸಿಕ್ಕಿಸಿದರೆ ಸಾಕು, ‘ಗುಂಯ್’ ಅಂತ ಸದ್ದು. ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: ಪಿಕಪ್ ಬದಲಾಯಿಸು. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ಕರೆಂಟ್ ಸಿಗ್ನಲ್ ಆಗಿಸುವ ಭಾಗ. ನಾನು ಬದಲಾಯಿಸಲಿಲ್ಲ. ಈಗಲೂ ಅದರಲ್ಲಿರುವುದು ಕಂಪನಿ ಹಾಕಿಕೊಟ್ಟ ಪಿಕಪ್‌ಗಳೇ.

ಮೊದಲು ಹಿಡಿದಿದ್ದು ನೆಕ್, ಅಂದರೆ ಎಡಗೈ ಬೆರಳು ಓಡಾಡುವ ಉದ್ದನೆಯ ಮರದ ಕುತ್ತಿಗೆ. ನಾಲ್ಕು ತಂತಿಗಳ ಎಳೆತ ನೆಕ್ಕನ್ನು ಮುಂದಕ್ಕೆ ಬಾಗಿಸುತ್ತದೆ, ಒಳಗಿರುವ ಟ್ರಸ್ ರಾಡ್ ಎಂಬ ಲೋಹದ ಸರಳು ಹಿಂದಕ್ಕೆ ಎಳೆಯುತ್ತದೆ. ಎಷ್ಟು ಬಾಗಿದೆ ಅಂತ ನೋಡೋದು ಸುಲಭ. ಮೊದಲನೇ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಕ್ಯಾಪೊ ಅನ್ನುವ, ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಬೇಕು. ಆಗ ಎಂಟನೇ ಫ್ರೆಟ್ ಹತ್ತಿರ ಫ್ರೆಟ್‌ಗೂ ತಂತಿಗೂ ನಡುವೆ ಸುಮಾರು 0.3 ಮಿ.ಮೀ. ಸಂದು ಇದ್ದರೆ ಸರಿ. ಅಳೆಯೋಕೆ ಗ್ಯಾರೇಜಿನವರು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜ್ ಸಾಕು. ನನ್ನದರಲ್ಲಿ ಸಂದು ಢಾಳಾಗಿ ಕಣ್ಣಿಗೇ ಕಾಣುತ್ತಿತ್ತು. ಅಲೆನ್ ಕೀಯನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಮತ್ತೆ ಅಳೆದೆ. ಮರಕ್ಕೆ ಅವಸರ ಆಗೋದಿಲ್ಲ.

ನೆಕ್ ಕೂತ ಮೇಲೆ ಬ್ರಿಡ್ಜ್‌ನ, ಅಂದರೆ ತಂತಿಗಳ ಕೆಳತುದಿ ಸೇರುವ ಲೋಹದ ಭಾಗದ, ಸ್ಯಾಡಲ್‌ಗಳನ್ನು (ಒಂದೊಂದು ತಂತಿಗೂ ಇರುವ ಆಧಾರ) ಇಳಿಸಿದೆ. 17ನೇ ಫ್ರೆಟ್ ಹತ್ತಿರ ದಪ್ಪ ತಂತಿಗೆ 2.4 ಮಿ.ಮೀ., ತೆಳು ತಂತಿಗೆ 2 ಮಿ.ಮೀ. ಬಿಟ್ಟಿದ್ದೇನೆ. ಆಮೇಲೆ 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಸ್ವರ), ಅದೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರ, ಎರಡನ್ನೂ ಟ್ಯೂನರ್‌ನಲ್ಲಿ ಹೋಲಿಸಿ ನೋಡಿದೆ. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಇಲ್ಲಿಯವರೆಗೆ ಖರ್ಚು ಏನೂ ಇಲ್ಲ. ಆದರೆ ಕೈಗೆ ಬೇರೆಯೇ ವಾದ್ಯ ಸಿಕ್ಕ ಹಾಗಾಯಿತು.

ಇನ್ನು ಆ ಗುಂಯ್. ಫೆಂಡರ್ ಕಂಪನಿ 1960ರಲ್ಲಿ ತಂದ ಜಾಜ್ ಬೇಸ್‌ನಲ್ಲಿ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇರುತ್ತವೆ. ಒಂದರ ಸುರುಳಿಯೂ ಅಯಸ್ಕಾಂತವೂ ಇನ್ನೊಂದಕ್ಕೆ ಉಲ್ಟಾ. ಹಾಗಾಗಿ ಎರಡರ ವಾಲ್ಯೂಮನ್ನೂ ಪೂರ್ತಿ ಏರಿಸಿದರೆ ಎರಡರ ಹಮ್, ಅಂದರೆ ಅದೇ ಗುಂಯ್, ಒಂದನ್ನೊಂದು ಹೊಡೆದುಹಾಕುತ್ತದೆ. ಒಂದನ್ನು ಇಳಿಸಿದಿರೋ, ವಾಪಸ್ ಹಾಜರ್. ನನಗೆ ಬ್ರಿಡ್ಜ್ ಕಡೆಯ ಪಿಕಪ್ ಒಂದನ್ನೇ ನುಡಿಸೋದು ಇಷ್ಟ. ಅದೇ ತೊಂದರೆ. ಇನ್ನೊಂದು ತಮಾಷೆ ಕೇಳಿ. ನಮ್ಮ ಕರೆಂಟು 50 ಹರ್ಟ್ಸ್. ದಪ್ಪ ತಂತಿಯ ಮೂರನೇ ಫ್ರೆಟ್‌ನಲ್ಲಿ ಬರುವ ಜಿ ಸ್ವರ 49 ಹರ್ಟ್ಸ್. ಹಾಡು ಜಿ ಶ್ರುತಿಯಲ್ಲಿದ್ದರೆ ಹಮ್ಮು ಪಕ್ಕದಲ್ಲೇ ಕೂತು ಸ್ವಲ್ಪ ಅಪಶ್ರುತಿಯಲ್ಲಿ ಹಾಡುತ್ತಿರುತ್ತದೆ!

ಈ ಸದ್ದು ತಡೆಯೋಕೆ ಬೇಸ್‌ನ ಒಳಗೆ ತಾಮ್ರದ ಕವಚ ಹಾಕೋಣ ಅಂತ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸೋಲ್ಡರ್, ವೈರು ತಂದೆ. ತಾಮ್ರದ ಟೇಪ್ ಆನ್‌ಲೈನ್‌ನಲ್ಲಿ ತರಿಸಿದೆ. ಅಂಟು ಕೂಡ ಕರೆಂಟ್ ಹಾಯಿಸುವಂಥದ್ದೇ ಇರಬೇಕು, ಕೇಳಿ ತಗೊಳ್ಳಿ. ಅಡುಗೆಮನೆ ಫಾಯಿಲ್ ಅಂಟಿಸುವವರೂ ಇದ್ದಾರೆ, ಆದರೆ ಅದರ ಮೇಲೆ ಬೆಸುಗೆ ನಿಲ್ಲೋದಿಲ್ಲ. ಮರದಲ್ಲಿ ಪಿಕಪ್ ಕೂರುವ ಎರಡು ಗುಂಡಿ, ಪಾಟ್‌ಗಳಿರುವ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ಬಿಡಿಭಾಗ) ದೊಡ್ಡ ಗುಂಡಿ, ಮೂರಕ್ಕೂ ಒಳಗೋಡೆ, ತಳ ಬಿಡದೆ ಟೇಪ್ ಹಚ್ಚಿದೆ. ತುಂಡುಗಳು ಒಂದರ ಮೇಲೊಂದು ಬರುವ ಕಡೆ ಒಂದೊಂದು ಚುಕ್ಕೆ ಸೋಲ್ಡರ್. ದೊಡ್ಡ ಗುಂಡಿಯ ಅಂಚಿನಲ್ಲಿ ಟೇಪನ್ನು ಹೊರಕ್ಕೆ ಮಡಚಿದೆ. ನಾಬ್‌ಗಳಿರುವ ಲೋಹದ ಪ್ಲೇಟು ಅದರ ಮೇಲೆ ಕೂತು ಸ್ಕ್ರೂ ಬಿಗಿಯಾದಾಗ ಮುಚ್ಚಳವೂ ಕವಚದ ಭಾಗವಾಗುತ್ತದೆ. ಪಿಕಪ್ ಗುಂಡಿಗಳಿಂದ ಒಂದೊಂದು ವೈರು ಗ್ರೌಂಡ್‌ಗೆ ಎಳೆದೆ. ಮಲ್ಟಿಮೀಟರ್‌ನ ಒಂದು ಮುಳ್ಳು ಬ್ರಿಡ್ಜ್ ಮೇಲೆ, ಇನ್ನೊಂದು ತಾಮ್ರದ ಮೇಲೆ ಇಟ್ಟಾಗ ಎಲ್ಲ ಮೂಲೆಯಲ್ಲೂ ‘ಪೀಂ’ ಅನ್ನಬೇಕು. ಕೇಬಲ್ ಸಿಕ್ಕಿಸುವ ಜಾಕ್‌ನ ಸಿಗ್ನಲ್ ಕಡ್ಡಿ ಮಾತ್ರ ಎಲ್ಲೂ ತಾಮ್ರಕ್ಕೆ ತಾಗಬಾರದು. ತಾಗಿದರೆ ಸದ್ದೇ ಇಲ್ಲ.

ಒಳಗೆ ಕೈ ಹಾಕಿದ್ದೇ ಆಯಿತು ಅಂತ ಕರಕರ ಅನ್ನುತ್ತಿದ್ದ ಪಾಟ್‌ಗಳನ್ನೂ ಬದಲಾಯಿಸಿದೆ. 250 ಕಿಲೋ ಓಮ್, ಲಾಗ್ ಟೈಪ್. ಟೋನ್‌ಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಹಳೇ ಕಾಲದ ಎಣ್ಣೆ ಕೆಪಾಸಿಟರ್ ಅಂತ ದುಬಾರಿಗೆ ಮಾರುವುದೂ ಉಂಟು. ಮೈಕ್ರೋಫ್ಯಾರಡ್ ಲೆಕ್ಕ ಅದೇ ಇದ್ದರೆ ಸದ್ದೂ ಅದೇ, ನನ್ನ ಕಿವಿಗಂತೂ. ಭಾರದ ಬ್ರಿಡ್ಜ್ ಹಾಕು ಅಂದವರ ಮಾತನ್ನೂ ಬಿಟ್ಟೆ. ಹೆಗಲಿಗೆ ಇರೋ ಭಾರವೇ ಜಾಸ್ತಿ.

ಫಲ ಏನು? ಸೀರಿಯಲ್ ಸೆಟ್, ಡಿಮ್ಮರ್‌ಗಳಿಂದ ಬರುತ್ತಿದ್ದ ಚರಚರ ಬಹುಪಾಲು ಹೋಯಿತು. ಆದರೆ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತರೆ ಹಮ್ ಇದ್ದೇ ಇದೆ. ಕಾಂತಕ್ಷೇತ್ರವನ್ನು ತೆಳು ತಾಮ್ರ ತಡೆಯೋದಿಲ್ಲ. ಅದಕ್ಕೆ ಹಮ್ ಕಳೆಯುವ ಜೋಡಿ ಸುರುಳಿಯ ಪಿಕಪ್ಪೇ ಬೇಕು. ಸದ್ಯಕ್ಕೆ ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ, ಪುಕ್ಕಟೆ.

ದುಡ್ಡು ಹಾಕಿದ್ದು ತಂತಿಗೆ. ಫ್ಲಾಟ್‌ವೂಂಡ್, ಅಂದರೆ ಪಟ್ಟಿಯಂಥ ತಂತಿ ಸುತ್ತಿದ್ದು. ಹಳೇ ಸಿನಿಮಾ ಹಾಡುಗಳಿಗೆ ಬೇಕಾದ ಮೆತ್ತನೆಯ ‘ದುಂ’ ಇದರಲ್ಲಿ ತಾನಾಗೇ ಬರುತ್ತದೆ, ಬೆರಳು ಜಾರಿಸಿದರೆ ಕಿರುಗುಟ್ಟೋದೂ ಇಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದುದೂ ಇಂಥ ತಂತಿಯನ್ನೇ. ಹೊಸ ಸೆಟ್‌ನ ಬಿಗಿ ಹಳೆಯದಕ್ಕಿಂತ ಜಾಸ್ತಿ ಇದ್ದದ್ದರಿಂದ ನೆಕ್ ಮತ್ತೆ ಸ್ವಲ್ಪ ಬಾಗಿತು. ಟ್ರಸ್ ರಾಡ್‌ಗೆ ಇನ್ನೊಂದು ಕಾಲು ಸುತ್ತು.

ಸ್ಟೇಜ್ ಮೇಲೆ ನುಡಿಸುವವರಿಗೆ ಒಂದು ಮಾತು. ಬೇಸ್‌ನ ತಂತಿಗಳು ಬ್ರಿಡ್ಜ್ ಮೂಲಕ ಆಂಪ್‌ನ ಅರ್ತ್‌ಗೆ ಸೇರಿರುತ್ತವೆ. ಪೆಂಡಾಲ್‌ನಲ್ಲಿ ಆಂಪ್ ಒಂದು ಲೈನಿನಲ್ಲಿ, ಮೈಕ್‌ಸೆಟ್ ಇನ್ನೊಂದು ಲೈನಿನಲ್ಲಿ ಇದ್ದು ಅರ್ತಿಂಗ್ ಸರಿಯಿಲ್ಲದಿದ್ದರೆ, ಮೈಕಿಗೆ ತುಟಿ ತಾಗಿಸಿದ ಕೂಡಲೇ ಶಾಕ್ ಹೊಡೆಯಬಹುದು. ಜೀವಕ್ಕೇ ಅಪಾಯ. ನಾನು ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಮುಳ್ಳು ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿದು ನೋಡುತ್ತೇನೆ. ಸೊನ್ನೆಯ ಹತ್ತಿರ ಬಂದರೆ ಸರಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಬೇಸ್ ಬ್ಯಾಗಿನಲ್ಲೇ ಇರುತ್ತದೆ.