ಬಸ್ಸು ಅನ್ನಿಸಿ ಬಸ್ ಕಲಿಸಿದ್ದು: ಥಾಯ್ಲೆಂಡಿನ ಬುರಿರಾಮ್‌ನಲ್ಲಿ ಇಂಗ್ಲಿಷ್ ಟೀಚರ್ ಆಗಿ ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಥಾಯ್ಲೆಂಡಿಗೆ ಬರಕ್ಕೆ ಬಿಎಡ್ ಬೇಕಾ, ಟೆಫಲ್ ಅನ್ನೋ ಇಂಗ್ಲಿಷ್ ಟೀಚಿಂಗ್ ಕೋರ್ಸ್ ಸಾಕಾ, ಟೋಯಿಕ್ ಅನ್ನೋ ಇಂಗ್ಲಿಷ್ ಪರೀಕ್ಷೇಲಿ ಎಷ್ಟು ಸ್ಕೋರ್ ಬೇಕು ಅನ್ನೋ ಪುರಾಣ ಇಲ್ಲಿಲ್ಲ, ಈ ಲೈನಲ್ಲಿ ಇರೋರಿಗೆ ಅದೆಲ್ಲ ಗೊತ್ತೇ ಇರುತ್ತೆ. ನಾನು ಬರೀತಿರೋದು ನನ್ನ ಬಸ್ಸು ಮೆಥಡ್ ಬಗ್ಗೆ, ಅಂದ್ರೆ ಥಾಯ್ ಮಕ್ಕಳಿಗೆ ಇಂಗ್ಲಿಷ್ ಪದದ ಕೊನೇ ಸ್ ಬರ್ಲಿ ಅಂತ ಮೊದ್ಲು ನಮ್ಮ ಕನ್ನಡದ ಥರ ಬಸ್ಸು ಅನ್ನಿಸೋದು. ಹೋದ ಟರ್ಮ್ ಕೊನೇಲಿ ಅದು ಅಂತೂ ಕೈ ಹಿಡೀತು, ನಮ್ಮ ಸ್ಕೂಲಿನ ಹುಡುಗಿ ಒಬ್ಳು ಜಿಲ್ಲಾ ಮಟ್ಟದ ಸ್ಪೀಚ್ ಕಾಂಪಿಟಿಷನ್ನಲ್ಲಿ ಸೆಕೆಂಡ್ ಬಂದ್ಳು, ಹಳ್ಳಿ ಸ್ಕೂಲಿಗೆ ಅದು ದೊಡ್ಡ ವಿಷ್ಯ. ಮಕ್ಕಳಿಗೆ ಇಂಡಿಯನ್ ಆಕ್ಸೆಂಟ್ ಅಂಟಿಸ್ತಿದೀಯ ಅಂತ ಸ್ಟಾಫ್ ರೂಮಲ್ಲಿ ಮೂಗು ಮುರೀತಿದ್ದೋರೇ ಈಗ ವರ್ಕ್‌ಶೀಟ್ ಕೊಡ್ತೀಯಾ ಅಂತ ಕೇಳ್ತಿದಾರೆ. ಹಂಗಾಗಿ ಸ್ವಲ್ಪ ಕೊಚ್ಕೊಳ್ತೀನಿ, ಸಹಿಸ್ಕೊಳ್ಳಿ.

ಇಲ್ಲಿ ಪಾಠ ಮಾಡಿರೋರಿಗೆ ತಲೆನೋವು ಏನಂತ ಗೊತ್ತು. ಥಾಯ್ ಮಾತಲ್ಲಿ ಪದದ ಕೊನೇಲಿ ಸ್ ನಿಲ್ಲೋದೇ ಇಲ್ಲ, ತ್ ಆಗೋಗುತ್ತೆ, ಲ್ ಇದ್ರೆ ನ್ ಆಗುತ್ತೆ. ಬಸ್ ಅನ್ನೋದು ಬತ್, ಫುಟ್‌ಬಾಲ್ ಅನ್ನೋದು ಫುಟ್‌ಬಾನ್, ಲೋಟಸ್ ಸೂಪರ್‌ಮಾರ್ಕೆಟ್ಟು ಎಲ್ಲರ ಬಾಯಲ್ಲೂ ಲೋತತ್. ರೈಸ್, ಹೌಸ್, ನೈಸ್ ಇವು ರೈ, ಹೌ, ನೈ. ಹೋಗ್ಲಿ ಬಿಡು ಅನ್ನೋಣ ಅಂದ್ರೆ ಇಂಗ್ಲಿಷಿನ ಅರ್ಧ ಗ್ರಾಮರ್ ಆ ಕೊನೇ ಸ್‌ನಲ್ಲೇ ಕೂತಿದೆ, ಎರಡು ನಾಯಿನೋ ಒಂದು ನಾಯಿನೋ, ಅವನು ಹೋಗ್ತಾನೋ ಅವರು ಹೋಗ್ತಾರೋ ಎಲ್ಲಾ ಅದೇ. ಗ್ರಾಮರ್ ಬರ್ದು ಬರ್ದು ಬೋರ್ಡ್ ತುಂಬಿಸಿದ್ರೂ ಬಾಯಲ್ಲಿ ಬರ್ಲಿಲ್ಲ ಅಂದ್ರೆ ಏನ್ ಪ್ರಯೋಜನ.

ಮೊದ್ಲ ವರ್ಷ ನಾನು ಮಾಡದೇ ಇರೋ ಸರ್ಕಸ್ಸಿಲ್ಲ. ಟೆಫಲ್ ಕೋರ್ಸಲ್ಲಿ ಹೇಳಿದ ಹಾಗೆ ಪುಟ್ಟ ಪುಟ್ಟ ಕನ್ನಡಿ ತಂದು ನಾಲಿಗೆ ಎಲ್ಲಿದೆ ನೋಡ್ಕೊಳಿ ಅಂದೆ, ಏನು ತಗೊಂಡ್ರೂ ಇಪ್ಪತ್ತು ಬಾತ್ (ಬಾತ್ ಅಂದ್ರೆ ಇಲ್ಲಿನ ದುಡ್ಡು) ಅನ್ನೋ ಅಂಗಡಿಯಿಂದ ಐವತ್ತು ಕನ್ನಡಿ, ನನ್ನ ಸಾವಿರ ಬಾತ್ ಅಲ್ಲೇ ಗೋತಾ, ಹುಡುಗೀರು ಅದರಲ್ಲಿ ಪೌಡರ್ ಹಚ್ಕೊಂಡ್ರು ಅಷ್ಟೆ. ಹಾವಿನ ಆಟ ಆಡಿಸ್ದೆ, ಎಲ್ಲಾರೂ ಸ್ಸ್‌ಸ್ ಅಂತ ಚೆನ್ನಾಗೇ ಬುಸುಗುಟ್ಟಿದ್ರು, ಈಗ ಬಸ್ ಅನ್ನಿ ಅಂದ್ರೆ ಬತ್ ಅಂತ ಹೇಳಿ, ಒಂದು ಉಸಿರು ಬಿಟ್ಟು, ಆಮೇಲೆ ಬೇರೆಯಾಗಿ ಸ್ಸ್ ಅಂದ್ರು. ನಲವತ್ತೆಂಟು ಮಕ್ಕಳು ಒಟ್ಟಿಗೆ. ಬತ್, ಸ್ಸ್. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿಸ್ದೆ, ಒಂದೇ ಒಂದು ಶಬ್ದ ಬೇರೆ ಇರೋ ಜೋಡಿ ಪದದ ಶೀಟ್ ಕಲರ್ ಪ್ರಿಂಟ್ ಮಾಡ್ಸಿ ಲ್ಯಾಮಿನೇಟ್ ಮಾಡ್ಸಿದೆ, ಅದಕ್ಕೂ ಆರೇಳ್ನೂರು ಬಾತ್, ಸ್ಕೂಲಿಂದ ವಾಪಸ್ ಬರ್ಲಿಲ್ಲ.

ದಾರಿ ಸಿಕ್ಕಿದ್ದು ಪಾಠದಲ್ಲಲ್ಲ. ಬೆಳಿಗ್ಗೆ ಗೇಟ್ ಡ್ಯೂಟಿ ಇತ್ತು, ಎಂಟು ಗಂಟೆ ಬಾವುಟ ಹಾರಿಸೋಕೆ ಮುಂಚೆ ನಾವು ಗೇಟಲ್ಲಿ ನಿಂತು ಒಳಗೆ ಬರೋ ಪ್ರತಿ ಮಗೂಗೂ ಕೈ ಮುಗೀಬೇಕು, ಅವರೂ ಮುಗೀತಾರೆ. ಅವತ್ತು ಅಮ್ಮ ತೀರ್ಥಹಳ್ಳಿಯಿಂದ ಫೋನ್ ಮಾಡಿದ್ರು, ಶಿವಮೊಗ್ಗಕ್ಕೆ ಹೋಗ್ಬೇಕಿತ್ತಂತೆ, ನಾನು ಒಂದು ಕೈಲಿ ಫೋನ್ ಹಿಡ್ಕೊಂಡು 'ಬಸ್ಸು ಮಿಸ್ಸಾಯ್ತಾ?' ಅಂದೆ. ಪಕ್ಕದಲ್ಲಿ ಮತ್ಥಯೋಮ್ ಒಂದರ, ಅಂದ್ರೆ ನಮ್ಮ ಏಳನೇ ಕ್ಲಾಸಿನ, ಹುಡುಗಿ ನಿಂತಿದ್ಳು, ಇಡೀ ಟರ್ಮ್ ಬತ್ ಬತ್ ಅಂತಿದ್ದೋಳು, ನಗ್ತಾ ನಗ್ತಾ 'ಬಸ್ಸು ಮಿಸ್ಸು, ಬಸ್ಸು ಮಿಸ್ಸು' ಅಂತ ನನ್ನನ್ನೇ ಅಣಕಿಸಿದ್ಳು. ಒಂದು ತ್ ಇಲ್ಲ! ಅಮ್ಮಂಗೆ ಆಮೇಲೆ ಮಾಡ್ತೀನಿ ಅಂತ ಇಟ್ಬಿಟ್ಟೆ.

ಲೆಕ್ಕ ಸಿಂಪಲ್. ಥಾಯ್ ನಾಲಿಗೆಗೆ ಸ್ ಬರಲ್ಲ ಅಂತಲ್ಲ, ನಮಸ್ಕಾರಕ್ಕೆ ಸವತ್‌ದಿ ಅಂತ ದಿನಾ ಹೇಳ್ತಾರಲ್ಲ, ಅಕ್ಷರದ ಶುರುವಲ್ಲಿ ಸಲೀಸಾಗಿ ಬರುತ್ತೆ, ಕೊನೇಲಿ ಬರಲ್ಲ. ನಾವು ಕನ್ನಡದೋರು ಯಾವ ಇಂಗ್ಲಿಷ್ ಪದ ಸಿಕ್ಕಿದ್ರೂ ಬಾಲಕ್ಕೊಂದು ಉ ಕಟ್ತೀವಿ, ಬಸ್ಸು, ಬಾಲು, ಸ್ಕೂಲು, ಗ್ಲಾಸು. ಉ ಕಟ್ಟಿದ ತಕ್ಷಣ ಆ ಸ್ ಕೊನೇದಾಗಿ ಉಳಿಯಲ್ಲ, ಮುಂದಿನ ಅಕ್ಷರದ ಶುರು ಆಗೋಗುತ್ತೆ. ಕಾಲೇಜಲ್ಲಿ ನಮ್ಮ ಲೆಕ್ಚರರ್ ಬೈದು ಬೈದು ಬಿಡಿಸಿದ ಉ ಇಲ್ಲಿ ಅನ್ನ ಹಾಕ್ತು.

ಮಾಡೋದು ಹೀಗೆ. ಮೊದ್ಲ ವಾರ ಧಾರಾಳವಾಗಿ ಬಸ್ಸು, ಹೌಸು, ಬಾಲು ಅನ್ನಿಸ್ತೀನಿ, ಎರಡು ಚಪ್ಪಾಳೆ, ಬ ಅನ್ನುವಾಗ ಒಂದು, ಸ್ಸು ಅನ್ನುವಾಗ ಒಂದು. ಆಮೇಲೆ ಎರಡನೇ ಚಪ್ಪಾಳೆ ಮೆಲ್ಲಗೆ, ಬಾಯೂ ಮೆಲ್ಲಗೆ, ಉ ಪಿಸುಮಾತಾಗುತ್ತೆ. ಮುಂದೆ ಇಂಗ್ಲಿಷ್ ವಾಕ್ಯಕ್ಕೆ ಹೋಗ್ತೀನಿ, ಆದ್ರೆ ಬಸ್ ಆದ್ಮೇಲೆ ಸ್ವರದಿಂದ ಶುರುವಾಗೋ ಪದಾನೇ ಇರ್ಬೇಕು, ದ ಬಸ್ ಈಸ್ ಓಲ್ಡ್, ದ ಹೌಸ್ ಈಸ್ ಅಪ್ ದೇರ್ ಅನ್ನೋ ಥರ. ಆಗ ಉ ಜಾಗಕ್ಕೆ ಈಸ್‌ನ ಇ ಬಂದು ಕೂರುತ್ತೆ, ಸ್‌ಗೆ ಬೀಳೋ ಭಯ ಇಲ್ಲ. ಇಲ್ಲಿಗೇ ಮೂರ್ನಾಲ್ಕು ವಾರ ತಗೊಳಿ, ಅವಸರ ಮಾಡ್ಬೇಡಿ. ಬಸ್ ಸ್ಟಾಪ್, ಬಸ್ ಡ್ರೈವರ್ ಇಂಥ ಜೋಡಿ ಕಟ್ಟಕಡೆಗೆ. ಉಳಿದ ಚೂರು ಉ ಪೂರ್ತಿ ಉದುರಿಸಕ್ಕೆ ಒಂದು ಆಟ ಇದೆ, ಒಂದು ಪೇಪರ್ ತುಂಡು ಬೇಕು, ಅಷ್ಟು ಹೇಳ್ತೀನಿ. ಪೂರ್ತಿ ಹೇಳಲ್ಲ, ಶನಿವಾರದ ಎಕ್ಸ್‌ಟ್ರಾ ಕ್ಲಾಸ್ ನಂಗೇ ಸಿಗ್ತಿರೋದು ಅದ್ರಿಂದ.

ಶುರು ಮಾಡ್ದಾಗ ಆಗಿದ್ದ ಗಲಾಟೆ ಕೇಳ್ಬೇಡಿ. ಎರಡನೇ ವಾರಕ್ಕೇ ಕಾರಿಡಾರ್ ತುಂಬ 'ಟೀಚರು, ಬುಕ್ಕು, ಪೆನ್ನು' ಅಂತ ಮಕ್ಕಳು ಬೇಕು ಅಂತಾನೇ ಎಲ್ಲದಕ್ಕೂ ಉ ಹಾಕಿ ಕೂಗ್ತಿದ್ವು. ಜೊತೆ ಕೆಲ್ಸ ಮಾಡೋ ಒಬ್ಬ ಸೌತ್ ಆಫ್ರಿಕಾದೋನು, ನನಗಿಂತ ಹತ್ತು ಸಾವಿರ ಬಾತ್ ಜಾಸ್ತಿ ಸಂಬಳ, ಇದು ಪದದ ಕೊನೇಲಿ ಸ್ವರ ಸೇರಿಸೋ ಜಪಾನಿನೋರ ಇಂಗ್ಲಿಷ್ ಆಗೋಯ್ತಲ್ಲ ಅಂದ. ಕೋಆರ್ಡಿನೇಟರ್ ಫಿಲಿಪೀನ್ಸಿನ ಅಕ್ಕ, ತುಂಬ ಒಳ್ಳೇಯೋರು, ಡೈರೆಕ್ಟರ್ ಕಿವಿಗೆ ಬಿದ್ರೆ ಕಷ್ಟ, ಮಿಡ್ ಟರ್ಮ್‌ವರೆಗೆ ನೋಡು, ಆಗ್ಲಿಲ್ಲ ಅಂದ್ರೆ ಬಿಡು ಅಂದ್ರು. ಮಿಡ್ ಟರ್ಮ್ ಹೊತ್ತಿಗೆ ಉ ಅಲ್ಲೇ ಇತ್ತು, ಸತ್ಯವಾಗ್ಲೂ ಹೊಟ್ಟೇಲಿ ನಡುಕ. ಅದು ಉದುರಕ್ಕೆ ಶುರುವಾಗಿದ್ದು ಆಗಸ್ಟ್ ಕೊನೇಲಿ, ಒಬ್ಬೊಬ್ರದ್ದೇ, ಮೊದ್ಲು ಮಾತಾಡೋ ಮಕ್ಕಳದ್ದು. ಈಗ ಕ್ಲಾಸಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳು ಸ್ ನಿಲ್ಲಿಸ್ತಾರೆ. ಲ್ ಮಾತ್ರ ಅರ್ಧಕ್ಕರ್ಧ, ಬುರಿರಾಮ್ ಯುನೈಟೆಡ್ ಅನ್ನೋ ಇಲ್ಲಿನ ಫುಟ್‌ಬಾಲ್ ಟೀಮಿನ ಹುಚ್ಚು ಇರೋ ಹುಡುಗ್ರು ಫುಟ್‌ಬಾನ್ ಬಿಡೋದೇ ಇಲ್ಲ, ನೀಲಿ ಜೆರ್ಸಿ ಹಾಕೊಂಡ ತಕ್ಷಣ ಕಲಿಸಿದ್ದೆಲ್ಲ ಮರ್ತೋಗುತ್ತೆ.

ಈಗ ದುಡ್ಡಿನ ವಿಷ್ಯ, ಇದೇ ಜಾಸ್ತಿ ಜನ ಕೇಳೋದು. ಮೊದ್ಲು ನಾನು ಬಂದಿದ್ದು ಬ್ಯಾಂಕಾಕ್ ಹೊರವಲಯಕ್ಕೆ, ಒಂದು ಏಜೆನ್ಸಿ ಮೂಲಕ, ಕೈಗೆ ಇಪ್ಪತ್ತೆರಡು ಇಪ್ಪತ್ಮೂರು ಸಾವಿರ ಬಾತ್, ಕಾಂಟ್ರ್ಯಾಕ್ಟ್ ಹತ್ತೇ ತಿಂಗಳು. ಇಲ್ಲಿ ಸ್ಕೂಲ್ ವರ್ಷ ಮೇ ಮಧ್ಯಕ್ಕೆ ಶುರುವಾಗಿ ಮಾರ್ಚಿಗೆ ಮುಗಿಯುತ್ತೆ, ಹತ್ತು ತಿಂಗಳ ಕಾಂಟ್ರ್ಯಾಕ್ಟ್ ಅಂದ್ರೆ ಬೇಸಿಗೇಲಿ ಬರಿಗೈ, ಸೊಂಗ್‌ಕ್ರಾನ್ ಹಬ್ಬಕ್ಕೆ ಊರೆಲ್ಲ ನೀರು ಎರಚ್ಕೊಂಡು ಕುಣೀತಿದ್ರೆ ನಾನು ರೂಮಲ್ಲಿ ಅವಲಕ್ಕಿ ತಿಂತಿದ್ದೆ. ಎರಡು ಸಲ ಸಂಬಳ ವಾರಗಟ್ಟಲೆ ತಡ. ರೂಮು, ಟ್ರೇನು, ಊಟ ಕಳೆದ್ರೆ ಉಳೀತಿದ್ದಿದ್ದು ಸೊನ್ನೆ. ಬಿಟ್ಟು ಇಸಾನ್ ಕಡೆ, ಅಂದ್ರೆ ಈಶಾನ್ಯ ಥಾಯ್ಲೆಂಡಿಗೆ, ಬುರಿರಾಮ್ ಪ್ರಾಂತ್ಯದ ನಾಂಗ್ ರೋಂಗ್ ಹತ್ರದ ಹಳ್ಳಿ ಸ್ಕೂಲಿಗೆ ಹೋಗ್ತೀನಿ ಅಂದಾಗ ಪರಿಚಯದ ಇಂಡಿಯನ್ನರೆಲ್ಲ ನಕ್ರು, ಅಲ್ಲಿ ಇಂಡಿಯನ್ ಅಂಗಡಿ ಕೂಡ ಇಲ್ಲ, ಮೂರು ತಿಂಗ್ಳಿಗೆ ವಾಪಸ್ ಬರ್ತೀಯ ಅಂದ್ರು. ಇಲ್ಲಿ ನೇರ ಸ್ಕೂಲೇ ಕೊಡೋ ಸಂಬಳ ಇಪ್ಪತ್ತೆಂಟು ಸಾವಿರ, ಹನ್ನೆರಡೂ ತಿಂಗಳು. ಮನೆ ಬಾಡಿಗೆ ಮೂರು ಸಾವಿರ, ಕರೆಂಟು ಏಳೆಂಟ್ನೂರು, ಸೆಕೆಂಡ್ ಹ್ಯಾಂಡ್ ಹೋಂಡಾ ವೇವ್ ಬೈಕು ತಗೊಂಡಿದ್ದು ಹದಿನೈದು ಸಾವಿರದ ಹತ್ರ, ಊಟ ತಿಂಡಿ ಐದಾರು ಸಾವಿರ. ಉಳಿದ ಖರ್ಚೆಲ್ಲ ಕಳೆದು ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಬಾತ್ ಉಳಿಯುತ್ತೆ, ನಮ್ಮ ದುಡ್ಡಲ್ಲಿ ಇಪ್ಪತ್ತೈದು ಮೂವತ್ತು ಸಾವಿರ ಅಂತಿಟ್ಕೊಳಿ. ಊರಲ್ಲಿ ಪ್ರೈವೇಟ್ ಸ್ಕೂಲಲ್ಲಿ ನಂಗೆ ಬರ್ತಿದ್ದ ಸಂಬಳಾನೇ ಅಷ್ಟಿರ್ಲಿಲ್ಲ.

ಪೇಪರ್ ಬಗ್ಗೆ ಒಂದೇ ಮಾತು. ನಮ್ಮ ಕಡೆ ಮಾರ್ಕ್ಸ್ ಕಾರ್ಡಲ್ಲಿ ಇನಿಶಿಯಲ್, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸ್ರು ಬಿಡಿಸಿ ಬರ್ದಿರುತ್ತೆ, ಥಾಯ್ ಆಫೀಸಲ್ಲಿ ಇವೆರಡೂ ಬೇರೆ ಬೇರೆ ಮನುಷ್ಯರು. ಅಫಿಡವಿಟ್, ಅದಕ್ಕೆ ಅಟೆಸ್ಟೇಶನ್, ಆಮೇಲೆ ಥಾಯ್ ಟ್ರಾನ್ಸ್‌ಲೇಶನ್ ಅಂತ ಒಂದೂವರೆ ತಿಂಗಳು ಓಡಾಡಿದೀನಿ. ಹೊರಡೋಕ್ಕೆ ಮುಂಚೆನೇ ಊರಲ್ಲಿ ಮಾಡಿಸ್ಕೊಳಿ.

ಊಟದ ಪ್ರಯೋಗ ಹೇಳ್ಲೇಬೇಕು. ನಾನು ಮೊಟ್ಟೆ ತಿಂತೀನಿ, ಮೀನಿಲ್ಲ, ಇಸಾನಲ್ಲಿ ಪಪ್ಪಾಯಿ ಕಾಯಿ ಕೋಸಂಬರಿಗೂ ಪ್ಲಾ ರಾ ಅಂತ ಕೊಳೆಸಿದ ಮೀನು ಸುರೀತಾರೆ. ಮಾಂಸ ಇಲ್ಲ ಅಂದ್ರೆ ಸಾಲ್ದು, ನಾಮ್ ಪ್ಲಾ (ಮೀನಿನ ಸಾಸ್) ಬೇಡ, ಪ್ಲಾ ರಾ ಬೇಡ ಅಂತ ಒಂದೊಂದೇ ಎಣಿಸಿ ಹೇಳ್ಬೇಕು. ಅಕ್ಟೋಬರ್ ಸುತ್ತಮುತ್ತ ಬರೋ ಜೇ ಅನ್ನೋ ಸಸ್ಯಾಹಾರದ ಹಬ್ಬದಲ್ಲಿ ಹಳದಿ ಬಾವುಟ ಕಟ್ಟಿರೋ ಅಂಗಡಿಗೆ ಕಣ್ಮುಚ್ಕೊಂಡು ಹೋಗ್ಬಹುದು, ಬೆಳ್ಳುಳ್ಳಿ ಈರುಳ್ಳಿ ಕೂಡ ಹಾಕಲ್ಲ, ನಮ್ಮಜ್ಜಿ ಬಂದ್ರೂ ಊಟ ಮಾಡ್ತಿದ್ರು. ತೊಗರಿಬೇಳೆ ಸಿಗಲ್ಲ, ಹೆಸರುಬೇಳೆ ಸಿಗುತ್ತೆ, ಹುಣಸೆಹಣ್ಣು ತೆಂಗಿನಕಾಯಿ ನುಗ್ಗೆಕಾಯಿ ಬೇಕಾದಷ್ಟು. ಅಕ್ಕಿಹಿಟ್ಟಿನ ಪ್ಯಾಕೆಟ್ಟು ಮೂರು ತಲೆ ಆನೆ ಬ್ರ್ಯಾಂಡ್, ಕೆಂಪು ಬಣ್ಣದ್ದು ತಗೊಳಿ, ಹಸಿರು ಜಿಗುಟಕ್ಕಿದು, ಅದರಲ್ಲಿ ನೀರ್‌ದೋಸೆ ಹುಯ್ದ್ರೆ ಕಾವಲಿ ಸಮೇತ ಎಸೀಬೇಕಾಗುತ್ತೆ. ಕೆಂಪಿದ್ರಲ್ಲಿ ರಾತ್ರಿ ನೆನೆಸಿದ ಅಕ್ಕಿ ಒಂದು ಮುಷ್ಟಿ ರುಬ್ಬಿ ಸೇರಿಸಿದ್ರೆ ಜಾಲರಿ ಬರುತ್ತೆ. ಮನೆ ಓನರ್ ದೊಡ್ಡಮ್ಮನಿಗೆ, ಪಾ ಅಂತೀವಿ ಇಲ್ಲಿ, ಎಷ್ಟು ಇಷ್ಟ ಆಯ್ತು ಅಂದ್ರೆ ಭಾನುವಾರ ಬಾಣಲೆ ಹಿಡ್ಕೊಂಡೇ ಬರ್ತಾರೆ.

ಜೂನಲ್ಲಿ ಒಂದು ಗುರುವಾರ ವಾಯ್ ಖ್ರೂ ಮಾಡ್ತಾರೆ, ಗುರುವಂದನೆ. ಮೊದ್ಲ ಸಲ ನೋಡಿ ದಂಗಾದೆ. ಮಕ್ಕಳು ಮೊಣಕಾಲಲ್ಲಿ ತೆವಳ್ಕೊಂಡು ಬಂದು ತಟ್ಟೆ ಕೊಡ್ತಾರೆ, ತಟ್ಟೇಲಿ ಕೇಪಳದ ಹೂ, ಬದನೆ ಹೂ, ಗರಿಕೆ. ಹೌದು, ಗಣಪತಿಗಿಡೋ ಅದೇ ಗರಿಕೆ. ಯಾಕೆ ಅಂದ್ರೆ, ಗರಿಕೆ ಹಬ್ಬಿದ ಹಾಗೆ ವಿದ್ಯೆ ಹಬ್ಬಲಿ, ಕೇಪಳದ ಮೊಗ್ಗಿನ ಹಾಗೆ ಬುದ್ಧಿ ಚೂಪಾಗ್ಲಿ, ಬದನೆ ಹೂ ಬಾಗಿದ ಹಾಗೆ ತಲೆ ಬಾಗಲಿ ಅಂತ. ಹಿಂದಿನ ದಿನ ಮಧ್ಯಾಹ್ನ ಕ್ಲಾಸ್ ಇಲ್ಲ, ಎಲ್ಲರೂ ಗರಿಕೆ ಕೀಳಕ್ಕೆ ಹೋಗ್ತಾರೆ. ಕ್ಲಾಸ್ ಕ್ಯಾನ್ಸಲ್ ಆಗಕ್ಕೆ ಇಲ್ಲಿ ಕಾರಣ ಬೇಕೇ ಆಗಿಲ್ಲ ಬಿಡಿ, ಸ್ಪೋರ್ಟ್ಸ್ ಡೇ ಪರೇಡಿಗೆ ಎರಡು ವಾರ ಮುಂಚೆಯಿಂದಾನೇ ಅರ್ಧ ಸ್ಕೂಲ್ ಮೈದಾನದಲ್ಲಿರುತ್ತೆ, ನಿಮ್ಮ ಲೆಸನ್ ಪ್ಲಾನ್ ಒಳಗಿಟ್ಕೊಳಿ.

ತಿರುಗಾಟ. ಪನೋಮ್ ರುಂಗ್ ದೇವಸ್ಥಾನ ನಮಗೆ ಸ್ಕೂಟರಿನ ದೂರ, ಆರಿಹೋದ ಜ್ವಾಲಾಮುಖಿ ಬೆಟ್ಟದ ಮೇಲೆ ಖ್ಮೇರ್, ಅಂದ್ರೆ ಹಳೇ ಕಾಂಬೋಡಿಯಾ ರಾಜರ ಕಾಲದ ಶಿವಾಲಯ. ವರ್ಷದಲ್ಲಿ ಕೆಲವು ದಿನ ಸೂರ್ಯ ಸಾಲಾಗಿ ಹದಿನೈದು ಬಾಗಿಲು ದಾಟಿ ಬರ್ತಾನೆ, ಏಪ್ರಿಲ್ ಶುರುವಿನ ಬೆಳಗ್ಗೆ ನೋಡಕ್ಕೆ ಜಾತ್ರೆ ಥರ ಜನ. ಬಾಗಿಲ ಮೇಲೆ ಶೇಷಶಾಯಿ ವಿಷ್ಣು ಕಲ್ಲಿದೆಯಲ್ಲ, ಅದನ್ನ ಯಾರೋ ಕದ್ದು, ಕೊನೆಗದು ಅಮೆರಿಕದ ಷಿಕಾಗೋದ ಒಂದು ಮ್ಯೂಸಿಯಂ ಸೇರಿತ್ತು, 1988ರಲ್ಲಿ ವಾಪಸ್ ಬಂತು. ಸ್ಕೂಲ್ ಟ್ರಿಪ್ಪಲ್ಲಿ ನಾನು ನಂದಿ ಮುಂದೆ ನಿಂತು ಇಂಗ್ಲಿಷಲ್ಲಿ ಕತೆ ಹೇಳ್ದೆ, ಅವತ್ತು ಮಕ್ಕಳು ಕೇಳಿದಷ್ಟು ಪ್ರಶ್ನೆ ಕ್ಲಾಸಲ್ಲಿ ಒಂದು ವರ್ಷಕ್ಕೂ ಕೇಳಿಲ್ಲ. ಟೀಚಾ, ವೇರ್ ಈಸ್ ಹಿಸ್ ಬಾಸ್, ಅಂದ ಒಬ್ಬ. ಬಾಸ್‌ನ ಸ್ ಗಟ್ಟಿಯಾಗಿತ್ತು, ಪ್ರಶ್ನೆಗಿಂತ ಅದೇ ಖುಷಿ.

ಅಕ್ಟೋಬರ್ ರಜೇಲಿ ಲಾವೋಸ್‌ಗೆ ಹೋಗಿದ್ದೆ. ಬುರಿರಾಮಿಂದ ಉಬೋನ್‌ಗೆ ಪ್ಯಾಸೆಂಜರ್ ಟ್ರೇನಿನ ಥರ್ಡ್ ಕ್ಲಾಸು, ನೂರು ಬಾತ್ ಕೂಡ ಆಗಲ್ಲ, ಕಿಟಕಿ ತೆಗೆದಿರುತ್ತೆ, ಆಂಟಿಯರು ಬುಟ್ಟೀಲಿ ಜಿಗುಟಕ್ಕಿ ಅನ್ನ ಮಾರ್ಕೊಂಡು ಬರ್ತಾರೆ. ಅಲ್ಲಿಂದ ಬಸ್ಸಲ್ಲಿ ಚೋಂಗ್ ಮೆಕ್ ಗಡಿ ದಾಟಿ ಪಾಕ್ಸೆ, ಆಮೇಲೆ ಚಂಪಾಸಾಕ್‌ನ ವಾಟ್ ಫು, ಬೆಟ್ಟದ ತುದಿಯೇ ಲಿಂಗದ ಥರ ಇದೆ ಅಂತ ಹಿಂದಿನೋರು ಅದರ ಬುಡದಲ್ಲಿ ಶಿವನ ಗುಡಿ ಕಟ್ಟಿದಾರೆ. ವೀಸಾ ಬಿಟ್ಟು ಒಟ್ಟು ನಾಲ್ಕು ಸಾವಿರ ಬಾತ್ ಒಳಗೆ ಮುಗೀತು. ಒಂದು ಮಾತ್ರ ನೆನಪಿಟ್ಕೊಳಿ, ಗಡಿ ದಾಟೋಕ್ಕೆ ಮುಂಚೆ ರೀಎಂಟ್ರಿ ಪರ್ಮಿಟ್ ಸೀಲ್ ಹಾಕಿಸ್ಲೇಬೇಕು, ಒಂದು ಸಲಕ್ಕೆ ಸಾವಿರ, ಎಷ್ಟು ಸಲ ಬೇಕಾದ್ರೂ ಹೋಗಿ ಬರೋದಕ್ಕೆ ಮೂರು ಸಾವಿರದ ಎಂಟ್ನೂರು. ಇಲ್ಲ ಅಂದ್ರೆ ನೀವು ಆ ಕಡೆ ಕಾಲಿಟ್ಟ ಕ್ಷಣ ವರ್ಷದ ವೀಸಾ ಎಕ್ಸ್‌ಟೆನ್ಷನ್ ಸತ್ತೋಗುತ್ತೆ, ವರ್ಕ್ ಪರ್ಮಿಟ್ ಇಟ್ಕೊಂಡು ಏನು ಮಾಡ್ತೀರ. ವರ್ಷಕ್ಕೆ ನಾಲ್ಕು ಸಲ ಹೋಗೋರು ದೊಡ್ಡದೇ ತಗೊಳಿ.

ಮೆಥಡ್‌ಗೆ ವಾಪಸ್ ಬರ್ತೀನಿ, ಒಂದು ಕಡೆ ಇನ್ನೂ ಸಿಕ್ಕಾಕ್ಕೊಂಡಿದೆ. ಆಸ್ಕ್ಡ್, ಟೆಕ್ಸ್ಟ್ಸ್ ಥರ ಕೊನೇಲಿ ಮೂರು ನಾಲ್ಕು ವ್ಯಂಜನ ಗುಡ್ಡೆ ಹಾಕಿರೋ ಪದಕ್ಕೆ ನನ್ನ ಉ ಕೆಲ್ಸ ಮಾಡಲ್ಲ, ಎಲ್ಲಿ ಹಾಕಿದ್ರೂ ಮಕ್ಕಳು ಒಂದು ಅಕ್ಷರ ನುಂಗ್ತಾರೆ. ಈ ಟರ್ಮಲ್ಲಿ ಆಸ್ಕ್ಡ್ ಹಿಮ್ ಅನ್ನೋದನ್ನ ಆಸ್ಕ್ ಟಿಮ್ ಅಂತ ಹೇಳ್ಸಿ ನೋಡ್ತಿದೀನಿ. ಎರಡು ಸೆಕ್ಷನ್ನಲ್ಲಿ ಒಂದರಲ್ಲಿ ಸ್ವಲ್ಪ ಸರಿಹೋಯ್ತು, ಇನ್ನೊಂದು ಸೆಕ್ಷನ್ನಲ್ಲಿ ಟಿಮ್ ಯಾರು, ಯಾವ ಊರೋನು, ಮದ್ವೆ ಆಗಿದೆಯಾ ಅಂತ ಇನ್ನೂ ವಿಚಾರಣೆ ನಡೀತಿದೆ.