ಬೀಚ್ ರಿಸಾರ್ಟ್‌ನಿಂದ ಮಕ್ಕಳ ಜೊತೆ ಒಂದು ದಿನ ಹೊರಗೆ: ಲೆಕ್ಕ ವಾಪಸ್ ಬರುವ ಹೊತ್ತಿನಿಂದ ಶುರುವಾಗಲಿ

ಕಡಲ ಪಕ್ಕದ ರಿಸಾರ್ಟ್‌ನಲ್ಲಿ ಮೊದಲ ಎರಡು ದಿನ ಯಾರಿಗೂ ಯಾವ ದೂರೂ ಇರುವುದಿಲ್ಲ. ಮೂರನೇ ದಿನ ಬೆಳಿಗ್ಗೆ ಮಕ್ಕಳು "ಇವತ್ತೂ ಮರಳಲ್ಲೇ ಆಡೋದಾ?" ಎಂದು ರಾಗ ಎಳೆಯುತ್ತಾರೆ. ಆಗ ನಮ್ಮ ಕಣ್ಣು ಲಾಬಿಯ ಮೂಲೆಯಲ್ಲಿರುವ ಟೂರ್ ಡೆಸ್ಕ್ ಕಡೆ ಹೋಗುತ್ತದೆ. ಅಲ್ಲಿ ಬಣ್ಣಬಣ್ಣದ ಕರಪತ್ರಗಳು. ದ್ವೀಪ, ಗುಹೆ, ಕೊಳವೆ ಕಚ್ಚಿ ತೇಲುತ್ತಾ ನೀರಿನಡಿ ನೋಡುವ ಸ್ನಾರ್ಕೆಲಿಂಗ್, ಊಟ, ಸೂರ್ಯಾಸ್ತ, ಎಲ್ಲವೂ ಒಂದೇ ದಿನದಲ್ಲಿ!

ನಾವೂ ಒಮ್ಮೆ ಹೀಗೇ ನಾಲ್ಕು ದ್ವೀಪಗಳ ಟಿಕೆಟ್ ತೆಗೆದುಕೊಂಡಿದ್ದೆವು. ಬೆಳಿಗ್ಗೆ ಆರೂವರೆಗೆ ವ್ಯಾನ್ ಬಂತು. ಇನ್ನೂ ಆರು ಹೋಟೆಲ್‌ಗಳ ಬಾಗಿಲಿಗೆ ಹೋಗಿ ಜನರನ್ನು ಹತ್ತಿಸಿಕೊಂಡಿತು. ಜೆಟ್ಟಿ ತಲುಪಿದಾಗ ಒಂಬತ್ತು. ಆಗ ಮಗಳಿಗೆ ನಾಲ್ಕು ವರ್ಷ. ಮೊದಲ ದ್ವೀಪದಲ್ಲಿ ಅವಳಿಗೆ ನಿದ್ದೆ, ಎರಡನೆಯದರಲ್ಲಿ ಹಸಿವು, ಮೂರನೆಯದರಲ್ಲಿ ಅಳು. ನಾಲ್ಕನೆಯದನ್ನು ನಾವು ಸರಿಯಾಗಿ ನೋಡಲೇ ಇಲ್ಲ. ಟೂರ್‌ನವರು ಕರಪತ್ರದಲ್ಲಿ ಸುಳ್ಳು ಹೇಳಿರಲಿಲ್ಲ. ನಾವೇ ಲೆಕ್ಕವನ್ನು ತಪ್ಪು ತುದಿಯಿಂದ ಶುರು ಮಾಡಿದ್ದೆವು.

ಅಂದಿನಿಂದ ನಾನು ಮೊದಲು ಬರೆದುಕೊಳ್ಳುವುದು ವಾಪಸ್ ಬರುವ ಹೊತ್ತನ್ನು.

ಮೊದಲು ಸಂಜೆ, ಆಮೇಲೆ ಬೆಳಿಗ್ಗೆ

ಉಷ್ಣವಲಯದಲ್ಲಿ ಬೇಸಿಗೆ, ಚಳಿಗಾಲ ಎಂದು ಹಗಲು ಹೆಚ್ಚು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಸಮಭಾಜಕ ವೃತ್ತದ ಹತ್ತಿರ ವರ್ಷಪೂರ್ತಿ ಸುಮಾರು 12 ಗಂಟೆ ಬೆಳಕು. ಸೂರ್ಯ ಅಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ. ಹಾಗಾಗಿ ಮುಳುಗಿದ ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆಲ್ಲ ಕತ್ತಲೆ. ಸೂರ್ಯಾಸ್ತ ನೋಡಿಕೊಂಡು ನಿಧಾನವಾಗಿ ಹೊರಡೋಣ ಎಂದರೆ ಗೊತ್ತಿಲ್ಲದ ದಾರಿಯಲ್ಲಿ, ಸುಸ್ತಾದ ಮಕ್ಕಳ ಜೊತೆ, ಕತ್ತಲಲ್ಲಿ ಬರಬೇಕು.

ಒಂದು ಹಾಳೆ ತೆಗೆದುಕೊಳ್ಳಿ. ಕೆಳಗಿನಿಂದ ಮೇಲಕ್ಕೆ ಬರೆಯಿರಿ. ಮಕ್ಕಳ ಊಟ ಏಳಕ್ಕೆ ಎಂದಿಟ್ಟುಕೊಳ್ಳಿ. ಸ್ನಾನ, ಉಪ್ಪುನೀರಿನ ಬಟ್ಟೆ, ಸ್ವಲ್ಪ ಅಡ್ಡಾಗುವುದು ಎಲ್ಲ ಸೇರಿ ಒಂದೂವರೆ ಗಂಟೆ. ಅಂದರೆ ಐದೂವರೆಗೆ ರೂಮಿನ ಬಾಗಿಲಲ್ಲಿರಬೇಕು. ದಾರಿ ಒಂದೂವರೆ ಗಂಟೆ ಎಂದಾದರೆ ನಾಲ್ಕಕ್ಕೆ ಹೊರಡಬೇಕು. ಹೊರಡಿಸುವುದಕ್ಕೇ ಅರ್ಧ ಗಂಟೆ ಬೇಕು. ಯಾವ ಮಗುವೂ ಕರೆದ ತಕ್ಷಣ ನೀರಿನಿಂದ ಎದ್ದು ಬಂದದ್ದನ್ನು ನಾನು ನೋಡಿಲ್ಲ. ಹಾಗಾಗಿ ನಿಮ್ಮ ದಿನ ನಿಜವಾಗಿ ಮುಗಿಯುವುದು ಮೂರೂವರೆಗೆ. ಇಲ್ಲಿಂದ ಹಿಂದಕ್ಕೆ ಹೋದಾಗ ಎಷ್ಟು ಗಂಟೆ ಉಳಿಯುತ್ತದೋ ಅದರೊಳಗೆ ಹಿಡಿಸುವಷ್ಟೇ ನಿಮ್ಮ ಟ್ರಿಪ್.

ಗಡಿಯಾರದ ಇನ್ನೊಂದು ತಮಾಷೆ ಕೆಲವು ಕಡೆ ಇದೆ. ಮೆಕ್ಸಿಕೋದ ಕ್ಯಾನ್‌ಕೂನ್ ಇರುವ ಕಿಂಟಾನಾ ರೂ ರಾಜ್ಯ 2015ರಲ್ಲಿ ತನ್ನ ಸಮಯ ಬದಲಿಸಿಕೊಂಡಿತು. ಅಲ್ಲಿಂದ ಜನ ನೋಡಲು ಹೋಗುವ ಮಾಯಾ ಜನರ ಹಳೆಯ ಪಿರಮಿಡ್ ಊರು ಚಿಚೆನ್ ಇಟ್ಜಾ ಇರುವುದು ಪಕ್ಕದ ಯುಕಟಾನ್ ರಾಜ್ಯದಲ್ಲಿ. ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ. ಹೋಗುವಾಗ ಒಂದು ಗಂಟೆ ಉಳಿಯಿತು ಎಂದು ಖುಷಿಪಟ್ಟವರು ಬರುವಾಗ ಅದನ್ನು ವಾಪಸ್ ಕೊಡಬೇಕು.

ದಾರಿ ಎಷ್ಟು, ಜಾಗ ಎಷ್ಟು

ನನ್ನ ಸೂತ್ರ ಇಷ್ಟೇ: ಹೋಗಿ ಬರುವ ಸಮಯ ಇಡೀ ದಿನದ ಮೂರನೇ ಒಂದು ಭಾಗ ಮೀರಬಾರದು. ಐದು ವರ್ಷದೊಳಗಿನ ಮಗು ಇದ್ದರೆ ಒಂದು ಕಡೆಗೆ ಒಂದೂವರೆ ಗಂಟೆಯೇ ಜಾಸ್ತಿ. ವ್ಯಾನ್ ಎಷ್ಟು ಹೋಟೆಲ್‌ಗಳಲ್ಲಿ ನಿಲ್ಲುತ್ತದೆ, ನಾವು ಹತ್ತುವುದು ಮೊದಲೋ ಕೊನೆಗೋ ಎಂದು ಕೇಳಿ. ಸುಮ್ನೆ ಕಿಲೋಮೀಟರ್ ನೋಡಿ ಮೋಸ ಹೋಗಬೇಡಿ.

ಚಿಚೆನ್ ಇಟ್ಜಾವನ್ನೇ ನೋಡಿ. ಕ್ಯಾನ್‌ಕೂನ್‌ನಿಂದ ಸುಮಾರು 200 ಕಿ.ಮೀ., ಒಂದು ಕಡೆಗೆ ಎರಡೂವರೆ ಗಂಟೆ. ದೊಡ್ಡ ಬಯಲು, ನೆರಳು ಕಡಿಮೆ. ಇತಿಹಾಸದ ಹುಚ್ಚಿರುವ ಹನ್ನೆರಡು ವರ್ಷದವರಿಗೆ ಅದು ಹಬ್ಬ. ನಾಲ್ಕು ವರ್ಷದವರಿಗೆ ಬಿಸಿಲಲ್ಲಿ ಒಂದು ದೊಡ್ಡ ಕಲ್ಲಿನ ಗುಡ್ಡ, ಅಷ್ಟೆ. ಅದರ ಮೇಲೆ ಹತ್ತುವುದಕ್ಕೂ ಈಗ ಬಿಡುವುದಿಲ್ಲ. ಈ ಮಾತನ್ನು ಮಕ್ಕಳಿಗೆ ವ್ಯಾನ್ ಹತ್ತುವ ಮೊದಲೇ ಹೇಳಿಬಿಡಿ.

ದಾರಿಯೇ ಆಟವಾಗಿದ್ದರೆ ಮಾತ್ರ ಲೆಕ್ಕ ಬೇರೆ. ಆಸ್ಟ್ರೇಲಿಯಾದ ಕೇರ್ನ್ಸ್‌ನಿಂದ ಕುರಾಂಡಾ ಎಂಬ ಬೆಟ್ಟದ ಹಳ್ಳಿಗೆ 1891ರ ಕಾಲದ ರೈಲು ಮಾರ್ಗವಿದೆ. ಸುರಂಗ, ಸೇತುವೆ, ಜಲಪಾತ ದಾಟಿಕೊಂಡು ಹೋಗಲು ಹತ್ತಿರ ಹತ್ತಿರ ಎರಡು ಗಂಟೆ. ಇಳಿಯುವಾಗ ಮಳೆಕಾಡಿನ ಮರಗಳ ತಲೆಯ ಮೇಲೆ ಏಳೂವರೆ ಕಿಲೋಮೀಟರ್ ಕೇಬಲ್ ಕಾರ್. ಹೋದ ದಾರಿಯಲ್ಲೇ ವಾಪಸ್ ಬರಬೇಕಿಲ್ಲ. ಇಂಥ ಟ್ರಿಪ್‌ನಲ್ಲಿ "ಇನ್ನೂ ಎಷ್ಟು ದೂರ?" ಎಂಬ ಪ್ರಶ್ನೆ ಬರುವುದು ಕಡಿಮೆ.

ಕಡಲಿನ ಟೈಮ್‌ಟೇಬಲ್ ಓದಿ

ಹೆಚ್ಚಿನವರು ಹವಾಮಾನ ನೋಡುತ್ತಾರೆ, ಉಬ್ಬರ-ಇಳಿತ ನೋಡುವುದಿಲ್ಲ. ನನ್ನ ಪ್ರಕಾರ ದೋಣಿ ಟ್ರಿಪ್‌ಗೆ ಎರಡನೆಯದೇ ಮುಖ್ಯ.

ಬಹಳಷ್ಟು ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ 9ಕ್ಕೆ ನೀರು ತುಂಬಿದ್ದರೆ ನಾಳೆ 9.50ರ ಸುಮಾರಿಗೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು.

ಇದರಿಂದ ನಮಗೇನು ಅಂತೀರಾ? ಥಾಯ್ಲೆಂಡಿನ ಫುಕೆಟ್ ಪಕ್ಕದ ಫಾಂಗ್ ನ್ಗಾ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ದ್ವೀಪಗಳ ಹೊಟ್ಟೆಯೊಳಗೆ ಬಯಲು ಕೊಳಗಳಿವೆ. ಅಲ್ಲಿನವರು ಅವಕ್ಕೆ 'ಹೊಂಗ್' ಎನ್ನುತ್ತಾರೆ, ಅಂದರೆ ಕೋಣೆ. ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಅಂಗಾತ ಮಲಗಿ, ಮೂಗಿನ ಮೇಲೆಯೇ ಬಂಡೆ ಹಾದುಹೋಗುವಂತೆ ಒಳಗೆ ನುಸುಳಬೇಕು. ನೀರು ಜಾಸ್ತಿಯಾದರೆ ಗುಹೆಯ ಬಾಯಿ ಮುಚ್ಚುತ್ತದೆ. ತೀರಾ ಇಳಿದರೆ ಕಯಾಕ್ ಕೆಸರಿನಲ್ಲಿ ಕೂರುತ್ತದೆ. ಆ ನಡುವಿನ ಹೊತ್ತಿಗೆ ಹೋದವರಿಗೆ ಮಾತ್ರ ಒಳಗಿನ ನೋಟ. ಹವಳದ ದಿಬ್ಬದ ಮೇಲೆ ಸ್ನಾರ್ಕೆಲಿಂಗ್ ಮಾಡುವುದಾದರೂ ಅಷ್ಟೆ. ಪೂರ್ತಿ ಇಳಿತದಲ್ಲಿ ಮಕ್ಕಳ ಮೊಣಕಾಲು ತರಚುತ್ತದೆ, ಹವಳವೂ ಮುರಿಯುತ್ತದೆ. ಕೆರಿಬಿಯನ್ ಕಡಲಿನಲ್ಲಿ ಮಾತ್ರ ಈ ಏರಿಳಿತ ಬಹಳ ಕಡಿಮೆ. ಅಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ಗಾಳಿ. ನೆಲ ಕಾದಂತೆಲ್ಲ ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ, ಅಲೆ ಏಳುತ್ತದೆ. ಅದಕ್ಕೇ ನೀರಿನ ಕೆಲಸ ಬೆಳಿಗ್ಗೆ, ನೆಲದ ಕೆಲಸ ಮಧ್ಯಾಹ್ನ. ಮಳೆಗಾಲದಲ್ಲಿ ಗುಡುಗು ಮಳೆಯೂ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಗುಡುಗು ಕೇಳಿದರೆ ನೀರಿನಿಂದ ಮೇಲೆ ಬನ್ನಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಬುಕ್ ಮಾಡುವ ಮೊದಲು ಕೇಳಬೇಕಾದ್ದು

ಆ ಜಾಗ ಅವತ್ತು ತೆರೆದಿದೆಯಾ? ನಗಬೇಡಿ. ಥಾಯ್ಲೆಂಡಿನ ಸಿಮಿಲನ್ ದ್ವೀಪಗಳು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತವೆ. ಅದೇ ದೇಶದ ಮಾಯಾ ಬೇ ಎಂಬ ಕೊಲ್ಲಿ ಜನರ ನೂಕುನುಗ್ಗಲಿಗೆ ಹವಳ ಹಾಳಾಗಿ 2018ರಲ್ಲಿ ಮುಚ್ಚಿತು, 2022ರ ಜನವರಿಯಲ್ಲಿ ತೆರೆಯಿತು. ಈಗ ಮರಳಿನ ಮೇಲೆ ನಿಂತು ನೋಡಬಹುದು, ಈಜುವಂತಿಲ್ಲ. ಹವಾಯಿಯ ಹನೌಮಾ ಬೇಗೆ ಸೋಮವಾರ, ಮಂಗಳವಾರ ರಜೆ. ಹೋದ ದಿನ ಮೊದಲು ಹವಳದ ಬಗ್ಗೆ ಒಂದು ವಿಡಿಯೊ ನೋಡಿಯೇ ಕೆಳಗಿಳಿಯಬೇಕು.

ದೋಣಿ ಯಾವುದು? ಸ್ಪೀಡ್ ಬೋಟ್ ಬೇಗ ತಲುಪಿಸುತ್ತದೆ, ಆದರೆ ಬೆನ್ನು ಮುರಿಯುವಂತೆ ಕುಕ್ಕುತ್ತದೆ. ಗರ್ಭಿಣಿಯರನ್ನು, ಬೆನ್ನುನೋವಿನವರನ್ನು, ಹಸುಗೂಸುಗಳನ್ನು ಬಹಳ ಕಡೆ ಹತ್ತಿಸಿಕೊಳ್ಳುವುದಿಲ್ಲ. ಅಜ್ಜಿ, ತಾತ ಜೊತೆಗಿದ್ದರೆ ದೊಡ್ಡ, ನಿಧಾನದ ದೋಣಿಯೇ ಒಳ್ಳೆಯದು. ಹತ್ತಿದ ಮೇಲೆ ಮುಂದಿನ ಸೀಟಿಗೆ ಓಡಬೇಡಿ. ಹಿಂದೆ, ಮಧ್ಯದಲ್ಲಿ ಕುಲುಕಾಟ ಕಡಿಮೆ.

ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ? "ಇದೆ" ಎನ್ನುವುದನ್ನು ನಂಬುವ ಬದಲು ತೊಡಿಸಿ ನೋಡಿ. ಜಾಕೆಟ್‌ನ ಭುಜ ಹಿಡಿದು ಮೇಲಕ್ಕೆ ಎತ್ತಿ. ಅದು ಗಲ್ಲ, ಕಿವಿ ದಾಟಿ ಮೇಲೆ ಬಂದರೆ ದೊಡ್ಡದಾಯಿತು. ಚಿಕ್ಕ ಮಕ್ಕಳದಕ್ಕೆ ಕಾಲುಗಳ ನಡುವೆ ಹಾದುಹೋಗುವ ಪಟ್ಟಿ ಇರಬೇಕು. ಸರಿಯಾದದ್ದು ಸಿಗದಿದ್ದರೆ ಆ ದೋಣಿ ಬೇಡ. ಇದೊಂದರಲ್ಲಿ ನಾನು ಮುಲಾಜು ನೋಡುವುದಿಲ್ಲ.

ದೋಣಿಯಲ್ಲಿ ವಾಂತಿಯಾಗುವ ಮಕ್ಕಳಿಗೆ ಮಾತ್ರೆ ಬೇಕಾ ಎಂದು ಊರಿನಿಂದ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಮಾತ್ರೆ ನುಂಗಿಸಿ ಪ್ರಯೋಜನ ಕಡಿಮೆ. ಮೊಬೈಲ್ ಕಿತ್ತಿಟ್ಟು ದೂರದ ದಿಗಂತ ನೋಡಲು ಹೇಳಿ.

ಬ್ಯಾಗಿಗೆ

ಬಿಸಿಲಿಗೆ ಸನ್‌ಸ್ಕ್ರೀನ್‌ಗಿಂತ ಮೊದಲು ತುಂಬು ತೋಳಿನ ಈಜು ಅಂಗಿ. ಸ್ನಾರ್ಕೆಲಿಂಗ್‌ನಲ್ಲಿ ಮೊದಲು ಸುಡುವುದು ಬೆನ್ನು ಮತ್ತು ಮೊಣಕಾಲಿನ ಹಿಂಭಾಗ. ಅಂಗಿ ಮುಚ್ಚದ ಕಡೆ ಸನ್‌ಸ್ಕ್ರೀನ್, ಅದೂ ಎರಡು ಗಂಟೆಗೊಮ್ಮೆ. ಆರು ತಿಂಗಳೊಳಗಿನ ಮಗುವಿಗೆ ನೆರಳೇ ಸನ್‌ಸ್ಕ್ರೀನ್. ಡಬ್ಬಿಯ ಹಿಂದೆ ಬರೆದದ್ದನ್ನೂ ಓದಿ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಕೆಟ್ಟದ್ದೆಂದು ಪೆಸಿಫಿಕ್ ಸಾಗರದ ಪಲಾವು ಎಂಬ ದ್ವೀಪರಾಷ್ಟ್ರ 2020ರಿಂದ ನಿಷೇಧಿಸಿದೆ, ಹವಾಯಿ 2021ರಿಂದ ಮಾರಾಟ ನಿಲ್ಲಿಸಿದೆ. ಥಾಯ್ಲೆಂಡಿನ ಸಮುದ್ರ ರಾಷ್ಟ್ರೀಯ ಉದ್ಯಾನಗಳಿಗೂ ಇವನ್ನು ಒಯ್ಯುವಂತಿಲ್ಲ.

ಒಆರ್‌ಎಸ್ ಪುಡಿ, ಪ್ರತಿಯೊಬ್ಬರಿಗೂ ಒಂದು ಒಣ ಜೊತೆ ಬಟ್ಟೆ, ಹವಳಕ್ಕೆ ಕಾಲು ತಾಗಿದರೂ ಗಾಯವಾಗದ ನೀರಿನ ಚಪ್ಪಲಿ. ಉಳಿದದ್ದೆಲ್ಲ ರೂಮಿನಲ್ಲೇ ಇರಲಿ.

ಸ್ನಾರ್ಕೆಲ್ ಮುಖವಾಡವನ್ನು ಹಿಂದಿನ ಸಂಜೆ ರಿಸಾರ್ಟ್‌ನ ಈಜುಕೊಳದಲ್ಲೇ ಮಕ್ಕಳಿಗೆ ಹಾಕಿ ಕಲಿಸಿ. ನಡುಗಡಲಲ್ಲಿ ಮೊದಲ ಪಾಠ ಬೇಡ.

ನೀರಿನಲ್ಲಿ, ಬೆಟ್ಟದಲ್ಲಿ

ಕೆಂಪು-ಹಳದಿ ಬಾವುಟಗಳ ನಡುವೆ ಜೀವರಕ್ಷಕರ ಕಣ್ಣಿರುತ್ತದೆ, ಅಲ್ಲೇ ಇಳಿಯಿರಿ. ಸೆಳೆತ ಹೊರಗೆ ಎಳೆದರೆ ದಡದ ಕಡೆ ಗುದ್ದಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಆಮೇಲೆ ಒಳಗೆ ಬನ್ನಿ. ದೊಡ್ಡ ಮಕ್ಕಳಿಗೆ ಇದನ್ನು ಮರಳಲ್ಲಿ ಗೆರೆ ಎಳೆದು ತೋರಿಸಿ. ಆಸ್ಟ್ರೇಲಿಯಾದ ಉತ್ತರ ಕರಾವಳಿಯಲ್ಲಿ ನವೆಂಬರ್‌ನಿಂದ ಮೇ ತನಕ ಬಾಕ್ಸ್ ಜೆಲ್ಲಿಫಿಶ್ ಕಾಟ. ಅಲ್ಲಿ ಬಲೆ ಹಾಕಿದ ಜಾಗದಲ್ಲಿ, ಮೈಮುಚ್ಚುವ ಸೂಟ್ ಹಾಕಿಯೇ ಈಜುತ್ತಾರೆ. ಅದು ಕುಟುಕಿದರೆ ಉಜ್ಜಬಾರದು, ಸಿಹಿನೀರು ಹಾಕಬಾರದು. ಧಾರಾಳವಾಗಿ ವಿನೆಗರ್ ಸುರಿದು ತಕ್ಷಣ ಸಹಾಯಕ್ಕೆ ಕರೆಯಬೇಕು.

ಜಲಪಾತದ ಕೆಳಗೆ ಆಡುವಾಗ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ, ಕಡ್ಡಿ ತೇಲಿಬಂದರೆ ಮೇಲೆಲ್ಲೋ ಮಳೆ ಬಿದ್ದಿದೆ ಎಂದರ್ಥ. ಬಟ್ಟೆ ಹುಡುಕುತ್ತಾ ನಿಲ್ಲದೆ ಮೇಲೇರಿ.

ಕೋತಿಗಳ ಬಗ್ಗೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಎಂದುಕೊಳ್ಳುತ್ತೇವೆ, ಅಲ್ವಾ? ಬಾಲಿಯ ಉಲುವಾಟು ದೇವಸ್ಥಾನದ ಕೋತಿಗಳು ಕನ್ನಡಕ, ಫೋನ್ ಕಿತ್ತುಕೊಂಡು, ಬದಲಿಗೆ ತಿನ್ನಲು ಕೊಟ್ಟರಷ್ಟೇ ವಾಪಸ್ ಕೊಡುವಷ್ಟು ವ್ಯಾಪಾರ ಕಲಿತಿವೆ. ಕನ್ನಡಕ ಹೋದರೆ ಹೋಗಲಿ. ಬಾಲಿಯಲ್ಲಿ ರೇಬಿಸ್ ಇದೆ. ಕಚ್ಚಿದರೆ, ಪರಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಬೀಚ್ ಬಟ್ಟೆಯಲ್ಲೇ ಬೆಟ್ಟ ಹತ್ತುವವರೂ ಇದ್ದಾರೆ. ಹವಾಯಿಯ ಮಾವಿ ದ್ವೀಪದ ಹಲಿಯಾಕಲಾ 3,055 ಮೀಟರ್ ಎತ್ತರ. ಕೆಳಗೆ ಬೆವರು, ಮೇಲೆ ಸೂರ್ಯೋದಯದ ಹೊತ್ತಿಗೆ ಹಲ್ಲು ಕಟಕಟ. ಹಿಂದಿನ ದಿನ ಮನೆಯಲ್ಲಿ ಯಾರಾದರೂ ಸ್ಕೂಬಾ ಡೈವಿಂಗ್ ಮಾಡಿದ್ದರೆ ಅವರು ತರಬೇತುದಾರರನ್ನು ಕೇಳದೆ ಅಷ್ಟು ಎತ್ತರಕ್ಕೆ ಹೋಗಬಾರದು. ವಿಮಾನಕ್ಕೂ ಇದೇ ಮಾತು, ಹಲವು ಸಲ ಮುಳುಗಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ಸ್ನಾರ್ಕೆಲಿಂಗ್‌ಗೆ ಈ ತೊಂದರೆ ಇಲ್ಲ.

ಯಾವ ದಿನ?

ತಲುಪಿದ ಮರುದಿನ ಬೇಡ, ಹೊರಡುವ ಹಿಂದಿನ ದಿನವೂ ಬೇಡ. ನಡುವಿನ ದಿನ ಇಟ್ಟುಕೊಂಡರೆ ಗಾಳಿ-ಮಳೆಗೆ ದೋಣಿ ರದ್ದಾದರೂ ಇನ್ನೊಂದು ದಿನಕ್ಕೆ ಬದಲಿಸಬಹುದು. ಎರಡು ಟ್ರಿಪ್‌ಗಳ ನಡುವೆ ಒಂದು ದಿನ ಖಾಲಿ ಬಿಡಿ.

ಕೊನೆಗೆ ವಾಪಸ್ ದಾರಿಯ ನಿದ್ದೆ. ವ್ಯಾನ್ ಹತ್ತಿದ ಹತ್ತು ನಿಮಿಷಕ್ಕೆ ಮಕ್ಕಳು ಹೊರಳುತ್ತಾರೆ. ಮಧ್ಯಾಹ್ನ ಮೂರೂವರೆಗೆ ಮುಗಿಸಿ ಹೊರಟಿದ್ದರೆ ಅದು ಮಧ್ಯಾಹ್ನದ ನಿದ್ದೆ, ರಾತ್ರಿ ಊಟಕ್ಕೆ ಎದ್ದು ಕೂರುತ್ತಾರೆ. ಆರಕ್ಕೆ ಹೊರಟಿದ್ದರೆ ರೂಮಿಗೆ ಬರುವ ಹೊತ್ತಿಗೆ ಎಚ್ಚರವಾಗಿ, ರಾತ್ರಿ ಹನ್ನೊಂದಕ್ಕೆ ಹಾಸಿಗೆಯ ಮೇಲೆ ಕುಣಿಯುತ್ತಾರೆ. ಆಗ ನಿದ್ದೆಗೆಡುವ ಸರದಿ ನಿಮ್ಮದು.