ಏಕೋಪಾಧ್ಯಾಯ ಶಾಲೆಯ ಸಾಕ್ಷ್ಯಚಿತ್ರ ಮಾಡುವ ಬಗೆ

ಸರ್ಕಾರಿ ಶಾಲೆಯ ಸಮಸ್ಯೆ ಎಂದೊಡನೆ ಕ್ಯಾಮೆರಾ ತಿರುಗುವುದು ಸೋರುವ ಮಾಡಿನತ್ತ, ಬಿರುಕುಬಿಟ್ಟ ಗೋಡೆಯತ್ತ, ಬೀಗ ಜಡಿದ ಶೌಚಾಲಯದತ್ತ. ಅವು ಕಣ್ಣಿಗೆ ಕಾಣುತ್ತವೆ, ಚಿತ್ರಿಸುವುದೂ ಸುಲಭ. ಶಿಕ್ಷಕರ ಕೊರತೆ ಹಾಗಲ್ಲ. ಒಂದರಿಂದ ಐದನೇ ತರಗತಿವರೆಗೆ ಒಬ್ಬರೇ ಇರುವ ಕಿರಿಯ ಪ್ರಾಥಮಿಕ ಶಾಲೆಗೆ ಹೋದರೆ ಗೋಡೆಗೆ ಬಣ್ಣ ಬಳಿದಿರಬಹುದು, ಬಿಸಿಯೂಟ ಸಮಯಕ್ಕೆ ಸರಿಯಾಗಿ ಬರುತ್ತಿರಬಹುದು. ಇಲ್ಲದ ಶಿಕ್ಷಕರನ್ನು ತೋರಿಸಬೇಕಾದರೆ ಚಿತ್ರೀಕರಣಕ್ಕೂ ಮೊದಲು ಕಡತ ಓದಬೇಕು.

ಮೊದಲು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಮಕ್ಕಳು ಹನ್ನೆರಡೇ ಇದ್ದರೂ ‘ಒಬ್ಬರು ಸಾಕು’ ಎನ್ನಲು ಅಲ್ಲಿ ಅವಕಾಶವಿಲ್ಲ. ಹಾಗಿದ್ದರೆ ಎರಡನೆಯವರು ಎಲ್ಲಿ? ಹುದ್ದೆ ಮಂಜೂರಾಗಿಯೂ ಖಾಲಿ ಇರಬಹುದು, ವರ್ಗಾವಣೆಯಾದವರ ಜಾಗಕ್ಕೆ ಯಾರೂ ಬಂದಿಲ್ಲದಿರಬಹುದು, ನಿಯೋಜನೆಯ ಮೇಲೆ ಬೇರೆಡೆ ಕೆಲಸ ಮಾಡುತ್ತಿರಬಹುದು, ಮಕ್ಕಳ ಸಂಖ್ಯೆ ಇಳಿದಾಗ ‘ಹೆಚ್ಚುವರಿ’ ಎಂದು ಬೇರೆ ಶಾಲೆಗೆ ಕಳುಹಿಸಿರಬಹುದು. ನಾಲ್ಕೂ ಬೇರೆ ಬೇರೆ ಚಿತ್ರಗಳು. ಹೊಣೆ ಹೊರಬೇಕಾದ ಮೇಜೂ ಬೇರೆ. ನಿಮ್ಮ ಶಾಲೆಯದು ಯಾವುದು ಎಂದು ತಿಳಿಯದೆ ಕ್ಯಾಮೆರಾ ಹಿಡಿದರೆ ಕೊನೆಗೆ ಕೈಗೆ ಬರುವುದು ಬರೀ ಅಯ್ಯೋ ಪಾಪ ಎನಿಸುವ ದೃಶ್ಯಗಳು.

ಅದನ್ನು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, 10 ರೂಪಾಯಿ ಶುಲ್ಕದೊಂದಿಗೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಬಹಳ ಅರ್ಜಿಗಳು ಇಲ್ಲೇ ಮುಗ್ಗರಿಸುತ್ತವೆ. ‘ಶಿಕ್ಷಕರನ್ನು ಏಕೆ ಕೊಟ್ಟಿಲ್ಲ’ ಎಂದು ಕೇಳಬೇಡಿ, ಕಾರಣ ವಿವರಿಸುವುದು ತಮ್ಮ ಕೆಲಸವಲ್ಲ ಎಂಬ ಉತ್ತರ ಬರುತ್ತದೆ. ದಾಖಲೆ ಕೇಳಿ: ಶಾಲೆಗೆ ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳ ಪಟ್ಟಿ, ನಿಯೋಜನೆ ಆದೇಶದ ಪ್ರತಿ. ಇನ್ನೊಂದು ಅರ್ಜಿಯಲ್ಲಿ ಕಳೆದ ಶೈಕ್ಷಣಿಕ ವರ್ಷದ ಶಿಕ್ಷಕರ ಚಲನವಲನ ವಹಿಯ ಪ್ರತಿ. ಶಾಲೆಯನ್ನು ಪ್ರತಿ ಶಾಲೆಗೂ ಪ್ರತ್ಯೇಕವಾಗಿ ಇರುವ, 29ರಿಂದ ಶುರುವಾಗುವ 11 ಅಂಕಿಯ ಯು-ಡೈಸ್ ಸಂಖ್ಯೆಯಿಂದಲೇ ಗುರುತಿಸಿ, ಒಂದೇ ಹೆಸರಿನ ಊರುಗಳು ಒಂದೇ ತಾಲ್ಲೂಕಿನಲ್ಲಿ ಇರುತ್ತವೆ. ಉತ್ತರಕ್ಕೆ 30 ದಿನದ ಗಡುವು. ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ. ಜೂನ್‌ನಲ್ಲಿ ಚಿತ್ರೀಕರಿಸುವುದಾದರೆ ಮಾರ್ಚ್‌ನಲ್ಲೇ ಅರ್ಜಿ ಹೋಗಿರಲಿ.

ಚಲನವಲನ ವಹಿ ಇಡೀ ಚಿತ್ರದ ಬೆನ್ನೆಲುಬು. ಸಭೆ, ತರಬೇತಿ, ಮತಗಟ್ಟೆ ಅಧಿಕಾರಿ ಕೆಲಸ ಎಂದು ಶಿಕ್ಷಕರು ಹೊರಗೆ ಹೋದ ಪ್ರತಿ ದಿನವೂ ಅದರಲ್ಲಿ ದಾಖಲಾಗಿರಬೇಕು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಹೊರಗೆ ಹೋದ ದಿನಗಳನ್ನು ಕಾರಣದ ಪ್ರಕಾರ ವಿಂಗಡಿಸಿ, ಕಾಯ್ದೆ ಒಪ್ಪುವ ಕೆಲಸ ಎಷ್ಟು, ಒಪ್ಪದ್ದು ಎಷ್ಟು ಎಂದು ಎಣಿಸಿ. ಆಮೇಲೆ ಅಂಥದ್ದೇ ಒಂದು ದಿನ ಶಾಲೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಇರಿ.

ಅನುಮತಿ ಬರವಣಿಗೆಯಲ್ಲೇ ಬೇಕು. ಮುಖ್ಯಶಿಕ್ಷಕರ ಬಾಯಿಮಾತು ನಂಬಿ ಒಳಗೆ ಹೋದರೆ ನಾಳೆ ನೋಟಿಸ್ ಬರುವುದು ಅವರಿಗೆ, ನಿಮಗಲ್ಲ. ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಯ ಪತ್ರ ಪಡೆಯಿರಿ, ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಡಿ. ಕೂಲಿಗೆ ಹೋಗುವ ಪೋಷಕರು ಸಂಜೆ ಏಳರ ನಂತರ ಸಿಗುತ್ತಾರೆ. ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂಬ ಸಾಲು ಅದರಲ್ಲಿರಲಿ. ಓದಲು ತಡವರಿಸುವ ಮಗುವಿನ ಮುಖವನ್ನು, ಪೋಷಕರು ಒಪ್ಪಿದ್ದರೂ ಸರಿ, ತೋರಿಸಬೇಡಿ. ಆ ತುಣುಕು ಮಗುವಿನ ಬೆನ್ನು ಹತ್ತಿ ಹೈಸ್ಕೂಲಿಗೂ ಹೋಗುತ್ತದೆ. ಕೈ, ಪುಸ್ತಕ, ಧ್ವನಿ ಸಾಕು.

ನಡತೆ ನಿಯಮಗಳು ಸರ್ಕಾರಿ ನೌಕರರು ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವುದನ್ನು ತಡೆಯುತ್ತವೆ. ಆದ್ದರಿಂದ ಶಿಕ್ಷಕರ ಬಾಯಿಂದ ಆರೋಪ ಹೊರಡಿಸಲು ಹೋಗಬೇಡಿ. ‘ನಿನ್ನೆ ಬೆಳಗ್ಗೆಯಿಂದ ಏನೇನು ಮಾಡಿದಿರಿ’ ಎಂದಷ್ಟೇ ಕೇಳಿ. ಮೊಟ್ಟೆಯ ಲೆಕ್ಕ, ಆನ್‌ಲೈನ್ ಹಾಜರಾತಿ, ವಾಟ್ಸಾಪ್‌ನಲ್ಲಿ ಕೇಳಿದ ಮಾಹಿತಿ ಎಲ್ಲವೂ ತಾನಾಗಿಯೇ ಹೊರಬರುತ್ತದೆ. ಟೀಕೆಯನ್ನು ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ದಾಖಲೆಗಳು ಮಾಡಲಿ.

ತರಗತಿಯಲ್ಲಿ ಒಂದು ತಪ್ಪು ಬಹಳ ಸಲ ಆಗುತ್ತದೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಿರುವುದನ್ನು ದುರವಸ್ಥೆ ಎಂದು ತೋರಿಸುತ್ತಾರೆ. ಅದು ನಲಿ-ಕಲಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ, ಮಕ್ಕಳನ್ನು ಬೆರೆಸಿ ಕೂರಿಸುವುದೇ ಅದರ ವಿನ್ಯಾಸ. ಸಮಸ್ಯೆ ಇರುವುದು ಆ ಗುಂಪಿನ ಪಕ್ಕದಲ್ಲಿ ನಾಲ್ಕು, ಐದನೇ ತರಗತಿಯವರು ಪಠ್ಯಪುಸ್ತಕ ತೆರೆದು ಕಾಯುತ್ತಿರುವಾಗ. ಕ್ಯಾಮೆರಾವನ್ನು ಮಕ್ಕಳ ಕಣ್ಣಿನ ಎತ್ತರದಲ್ಲಿ, ಆ ಕಾಯುವವರ ಕಡೆ ನಿಲ್ಲಿಸಿ 20 ನಿಮಿಷ ಮುಟ್ಟಬೇಡಿ. ಸಂಕಲನದಲ್ಲಿ ಎರಡು ನಿಮಿಷ ಉಳಿದರೂ ಆ ಕಾಯುವಿಕೆ ನೋಡುವವರಿಗೆ ತಟ್ಟುತ್ತದೆ.

ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ವಿದ್ಯುತ್ 50 ಹರ್ಟ್ಜ್ ಆದ್ದರಿಂದ 30 ಫ್ರೇಮ್, 1/60 ಇಟ್ಟರೆ ಟ್ಯೂಬ್‌ಲೈಟ್ ಮಿನುಗುತ್ತದೆ. ಬಾಗಿಲಿಗೆ ಬೆನ್ನು ಮಾಡಿ ಕೂತವರ ಮುಖ ಕಪ್ಪಾಗುತ್ತದೆ, ಬಾಗಿಲಿನ ಬೆಳಕು ಪಕ್ಕದಿಂದ ಬೀಳುವಂತೆ ಕೂರಿಸಿ. ಕಾಲರ್ ಮೈಕ್ ಇಲ್ಲದೆ ಸಂದರ್ಶನ ಬೇಡ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಯಾವ ಮೈಕೂ ಕೆಲಸಕ್ಕೆ ಬಾರದು, ಮಲೆನಾಡಿನಲ್ಲಾದರೆ ಮಾತುಕತೆಯನ್ನು ಮನೆಯ ಜಗಲಿಗೆ ಸಾಗಿಸಿ. ಫೋನಿನಲ್ಲಿ 4ಕೆ ಚಿತ್ರೀಕರಿಸಿದರೆ ಗಂಟೆಗೆ ಸುಮಾರು 20 ಜಿಬಿ ಬೇಕು. ಅದೇ ರಾತ್ರಿ ಎರಡು ಕಡೆ ಪ್ರತಿ ಮಾಡಿ.

ಅಂಕಿ-ಅಂಶ ಬಳಸುವಾಗ ಎಚ್ಚರ. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆ ನಡೆಯುವುದು ಗ್ರಾಮೀಣ ಮನೆಗಳಲ್ಲಿ, ಖಾಸಗಿ ಶಾಲೆಯ ಮಕ್ಕಳೂ ಅದರಲ್ಲಿದ್ದಾರೆ. ಒಟ್ಟು ಅಂಕಿಯನ್ನು ಸರ್ಕಾರಿ ಶಾಲೆಯ ತಲೆಗೆ ಕಟ್ಟಬೇಡಿ, ಪ್ರತ್ಯೇಕ ಅಂಕಿ ಹುಡುಕಿ.

ಅಡಿಬರಹವನ್ನು ಯೂನಿಕೋಡ್‌ನಲ್ಲೇ ಟೈಪಿಸಿ, ಹಳೆಯ ನುಡಿ ಫಾಂಟಿನ ಪಠ್ಯ ಸಂಕಲನ ತಂತ್ರಾಂಶದಲ್ಲಿ ಅರ್ಥವಿಲ್ಲದ ಅಕ್ಷರಗಳಾಗುತ್ತದೆ. ಪ್ರೀಮಿಯರ್ ಎಂಬ ಸಂಕಲನ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾದ ಪಠ್ಯ ಎಂಜಿನ್ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ.

ಕರಡು ಸಿದ್ಧವಾದಾಗ ಮೊದಲ ಪ್ರದರ್ಶನ ಆ ಊರಲ್ಲೇ ಆಗಲಿ. ಪೋಷಕರು ಬೇಡವೆಂದ ದೃಶ್ಯ ತೆಗೆಯಿರಿ. ಬಳಿಕ ಚಿತ್ರದಲ್ಲಿರುವ ಪ್ರತಿ ಆರೋಪವನ್ನೂ ಪಟ್ಟಿ ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಪಡೆಯಿರಿ, ಉತ್ತರಕ್ಕೆ 15 ದಿನ ಬಿಡಿ. ಉತ್ತರ ಬಂದರೆ ಪೂರ್ತಿ ಸೇರಿಸಿ. ಬಾರದಿದ್ದರೆ ಪತ್ರ ತಲುಪಿದ ದಿನಾಂಕವನ್ನು ತೆರೆಯ ಮೇಲೆ ಹಾಕಿ.